ಅರ್ಧ ದೀರ್ಘ

ನಮ್ಮ ಊರಿನಲ್ಲಿ ಯಾರಾದರೊಬ್ಬರು ‘ಆಗಲಿ’ ಅನ್ನುವ ತನಕ ಏನೂ ಆಗುತ್ತಿರಲಿಲ್ಲ.

ದೋಣಿ ದಡ ಬಿಡುತ್ತಿರಲಿಲ್ಲ. ಗಂಟೆಯ ನಾಲಿಗೆ ಅಲುಗುತ್ತಿರಲಿಲ್ಲ. ಸಂತೆಯ ಬಾಗಿಲು ತೆರೆಯುತ್ತಿರಲಿಲ್ಲ. ಹುಟ್ಟಿದ ಕೂಸಿಗೆ ಹೆಸರು ಅಂಟುತ್ತಿರಲಿಲ್ಲ. ಮನೆಯೊಳಗಿನ ಸಣ್ಣಪುಟ್ಟದಕ್ಕೆ ಮನೆಯವರ ಆಗಲಿ ಸಾಕಿತ್ತು. ಒಲೆಯ ಮುಂದೆ ಹೆಂಗಸರ ಆಗಲಿಯೂ ನಡೆಯುತ್ತಿತ್ತು. ಹೊಸ್ತಿಲು ದಾಟಿದರೆ ಮಾತ್ರ ಊರಿನ ಆಗಲಿ ಬೇಕು. ಅದಿಲ್ಲದೆ ನಿಜಕ್ಕೂ ಏನೂ ಆಗುತ್ತಿರಲಿಲ್ಲವೋ, ನಾವೇ ಏನೂ ಮಾಡುತ್ತಿರಲಿಲ್ಲವೋ, ನನಗೆ ಈಗಲೂ ಗೊತ್ತಿಲ್ಲ. ಮಾಡಿ ನೋಡಿದವರು ಯಾರೂ ಇರಲಿಲ್ಲವಲ್ಲ.

ಮೊದಲು ಆ ಮಾತು ಕಡಲಾಚೆಯಿಂದ ಬರುತ್ತಿತ್ತು. ಅಲ್ಲೊಬ್ಬ ದೊರೆಯಿದ್ದ. ಅವನನ್ನು ನಾವು ಕಂಡಿರಲಿಲ್ಲ, ನಮ್ಮನ್ನು ಅವನು ಕಂಡಿರಲಿಲ್ಲ. ಅವನ ಪರವಾಗಿ ಇಲ್ಲೊಬ್ಬನಿದ್ದ. ದೊರೆಯ ಬಾಯಿ ಎಂದು ಕರೆಯುತ್ತಿದ್ದೆವು. ಬಾಯಿ ದೋಣಿಗಟ್ಟೆಯ ಮೇಲೆ ಎತ್ತರದ ಪೀಠದಲ್ಲಿ ಕೂತಿರುತ್ತಿದ್ದ. ಕೆಳಗೆ ನಾವು ಗಂಟುಮೂಟೆ ಹೊತ್ತು ನಿಂತಿರುವಾಗ ‘ಆ…’ ಎಂದು ಶುರು ಮಾಡುತ್ತಿದ್ದ. ಶುರು ಮಾಡಿದವನು ಮುಗಿಸುತ್ತಿರಲಿಲ್ಲ. ಮೂಗಿನಿಂದ ಉಸಿರೆಳೆದುಕೊಂಡು ಮತ್ತೆ ಎಳೆಯುತ್ತಿದ್ದ. ‘ಗಲಿ’ ಬರುವಷ್ಟರಲ್ಲಿ ಬುಟ್ಟಿಯ ಮೀನು ನಾರುತ್ತಿತ್ತು, ತಲೆಯ ಮೇಲಿನ ಮೆಕ್ಕೆಜೋಳದ ತೆನೆ ಒಣಗುತ್ತಿತ್ತು, ಹುಡುಗಿಯರು ಹೆಂಗಸರಾಗುತ್ತಿದ್ದರು. ನಮ್ಮ ಅಪ್ಪಂದಿರು ಆ ದೀರ್ಘದೊಳಗೇ ಮುದುಕರಾದರು.

ಒಂದು ದಿನ ಬಾಯಿ ಹಾಗೆ ಎಳೆಯುತ್ತಿದ್ದಾಗ ಹಿಂದಿನಿಂದ ಯಾರೋ ‘ಸಾಕು’ ಎಂದರು. ಯಾರೆಂದು ಇವತ್ತಿಗೂ ತಿಳಿದಿಲ್ಲ. ನಾನೇ ಅಂದದ್ದು ಎನ್ನುವವರು ಮನೆಗೊಬ್ಬರಿದ್ದಾರೆ. ಯುದ್ಧವಾಯಿತು. ದಳವಾಯಿಯೊಬ್ಬ ಮುಂದೆ ನಿಂತ. ನದಿಯ ಮೇಲೆ ಮಂಜುಗಡ್ಡೆ ತೇಲುತ್ತಿದ್ದ ಒಂದು ದಿನ ನಮ್ಮನ್ನೆಲ್ಲ ದೋಣಿಯಲ್ಲಿ ದಾಟಿಸಿ ದೊರೆಯ ಸೈನ್ಯದ ಬೆನ್ನಿಗೆ ಬಿದ್ದ. ಆ ಗಲಾಟೆಯಲ್ಲಿ ಆಗಲಿ ಅಂದವರು ಯಾರೆಂದು ಕೇಳುವ ಹೊತ್ತಿರಲಿಲ್ಲ. ಗೆದ್ದೆವು. ಬಾಯಿಯನ್ನು ಅವನ ಪೀಠದ ಸಮೇತ ಹಡಗು ಹತ್ತಿಸಿದೆವು. ಆದರೆ ಹಡಗು ಹೊರಡಬೇಕಲ್ಲ? ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಬಾಯಿಯೇ, ಪಾಪ, ತನ್ನನ್ನು ಓಡಿಸುವುದಕ್ಕೆ ತಾನೇ ‘ಆಗಲಿ’ ಅನ್ನಬೇಕಾಯಿತು. ಅವತ್ತು ಮಾತ್ರ ಚಿಕ್ಕದಾಗಿ ಅಂದ.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಲು ಹೋದವನು ಹಗ್ಗ ಹಿಡಿದು ನಿಂತೇ ಇದ್ದ. ನಾವೆಲ್ಲ ದಳವಾಯಿಯ ಕಡೆ ನೋಡಿದೆವು. ಆತ ಸಂಕೋಚದಿಂದ ಒಮ್ಮೆ ಕೆಮ್ಮಿ ‘ಆಗಲಿ’ ಅಂದ. ಉದ್ದವೂ ಇಲ್ಲ, ಗಿಡ್ಡವೂ ಇಲ್ಲ, ಹದವಾಗಿತ್ತು. ಗಂಟೆ ಹೊಡೆಯಿತು. ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಆತ ಕೋಟು ಕಳಚಿ ಗೂಟಕ್ಕೆ ತೂಗುಹಾಕಿ, “ಇನ್ನು ನನ್ನ ಬಾಯಿ ನೋಡಬೇಡಿ. ನೋಡ್ತಾ ನೋಡ್ತಾ ಇದೂ ದೊರೆಯ ಬಾಯಿ ಆಗಿಬಿಡುತ್ತೆ,” ಎಂದು ಹೇಳಿ ತನ್ನ ಮೆಕ್ಕೆಜೋಳದ ಹೊಲಕ್ಕೆ ಹೋದ. ಎಂಥ ದೊಡ್ಡ ಮನುಷ್ಯ ಎಂದು ಕಣ್ಣೀರು ಹಾಕಿದೆವು. ಕಣ್ಣು ಒರೆಸಿಕೊಂಡು ನೋಡಿದರೆ ಗಂಟೆಯ ಹಗ್ಗ ಹಿಡಿದವನು ಮತ್ತೆ ನಿಂತೇ ಇದ್ದ.

ಊರಿನಲ್ಲಿ ಇಬ್ಬರು ಬುದ್ಧಿವಂತರಿದ್ದರು. ಒಬ್ಬನದು ಗುಡ್ಡದ ಮೇಲೆ ಕಲ್ಲಿನ ಮನೆ, ಬಂದರಿನಲ್ಲಿ ಉಗ್ರಾಣಗಳು. ಅವನನ್ನು ಗುಡ್ಡದವನು ಅನ್ನುತ್ತಿದ್ದೆವು. ಇನ್ನೊಬ್ಬನದು ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಹತ್ತಿಯ ಹೊಲ, ಹೊಲದ ತುಂಬ ಹಗ್ಗ ಕಟ್ಟಿದ ಆಳುಗಳು. ಅವನನ್ನು ಬಯಲಿನವನು ಅನ್ನುತ್ತಿದ್ದೆವು. ಇಬ್ಬರನ್ನೂ ಸೇರಿಸಿ ಊರು ಹುಟ್ಟುಹಾಕಿದವರು ಎನ್ನುತ್ತಿದ್ದೆವು. ಅವರಿಬ್ಬರೂ ಕೂಡಿ ಒಂದು ಉಪಾಯ ಹೇಳಿದರು. ಬಾಯಿಯ ಸಹವಾಸವೇ ಬೇಡ, ಕಲ್ಲು ಹೇಳಲಿ. ದೋಣಿಗಟ್ಟೆಯಲ್ಲಿ ಒಂದು ಬಂಡೆ ನಿಲ್ಲಿಸಿ ಅದರ ಮೇಲೆ ‘ಆಗಲಿ’ ಎಂದು ಕೆತ್ತಿಸೋಣ. ಬೇಕಾದವರು ಅದರ ಮುಂದೆ ನಿಂತು ಓದಿಕೊಂಡು ತಮ್ಮ ಕೆಲಸ ಶುರು ಮಾಡಲಿ. ಕಲ್ಲಿಗೆ ಹೊಟ್ಟೆಯಿಲ್ಲ, ಮಕ್ಕಳಿಲ್ಲ, ಅದು ದೊರೆಯಾಗುವುದು ಹೇಗೆ? ಎಂಥ ಮಾತು ಎಂದು ಕುಣಿದಾಡಿದೆವು.

ಬಂಡೆಯನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ತಂದು ನದಿಯ ಮೆಟ್ಟಿಲ ಪಕ್ಕ, ದೊಡ್ಡ ಮರದ ಎದುರಿಗೆ ನಿಲ್ಲಿಸಿದೆವು. ದಿಮ್ಮಿಗಳನ್ನು ಮರದ ಕೆಳಗೆ ಹಾಕಿ ಕೂರಲು ಆಸನ ಮಾಡಿಕೊಂಡೆವು. ಅಲ್ಲೇ ಸಭೆ. ಆದರೆ ಸಭೆ ಶುರುವಾಗಲು ಯಾರು ಆಗಲಿ ಅನ್ನಬೇಕು? ಹಾಗಾಗಿ ಸಭೆ ಶುರುವಾಗಲೇ ಇಲ್ಲ. ಸುಮ್ಮನೆ ಕೂತು ಮಾತಾಡುತ್ತಿದ್ದೆವು ಅಷ್ಟೆ. ಶುರುವಾಗದ ಸಭೆಗೆ ಮುಗಿಯುವುದು ಎಲ್ಲಿಂದ ಬರಬೇಕು? ಅದು ಇವತ್ತಿಗೂ ನಡೆಯುತ್ತಿದೆ.

ಕೆತ್ತಲು ನಮ್ಮ ಊರಿನ ಕಲ್ಲುಕುಟಿಗನನ್ನು ಕರೆದೆವು. ಅವನು ಮಾತು ಕಡಿಮೆಯ ಮನುಷ್ಯ. ಕೆತ್ತಲು ಶುರು ಮಾಡು ಅನ್ನುವುದಕ್ಕೂ ಆಗಲಿ ಬೇಕಲ್ಲ ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಅವನೇ, “ನಾನು ಕೆತ್ತುತ್ತಾ ಇರ್ತೀನಿ ಬಿಡಿ. ಶುರು ಮಾಡಲ್ಲ,” ಅಂದ. ಎಲ್ಲರಿಗೂ ಒಪ್ಪಿಗೆಯಾಯಿತು. ಕಲ್ಲಿನ ಮೇಲೆ ಕೈಯಿಡಿಸಿ ಅವನಿಂದ ಆಣೆ ಮಾಡಿಸಿಕೊಂಡೆವು. ಕೆಲಸ ಮುಗಿಯುವ ತನಕ ಅವನು ಯಾರ ಪಕ್ಷವೂ ವಹಿಸಬಾರದು, ಆ ಮಾತನ್ನು ಬಾಯಿಬಿಟ್ಟು ಅನ್ನಬಾರದು, ಕಲ್ಲು ಬಿಟ್ಟು ನದಿ ದಾಟಬಾರದು.

‘ಗ’ ಕೆತ್ತಿದ, ‘ಲಿ’ ಕೆತ್ತಿದ. ಅವುಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೊದಲ ಅಕ್ಷರದ ಮೈ ಕೆತ್ತಿದ. ಇನ್ನು ಅದರ ಬಲಗಡೆಗೆ ಒಂದು ಕೊಕ್ಕೆ ಎಳೆದರೆ ದೀರ್ಘ ಬಂದು ‘ಆ’ ಆಗುತ್ತಿತ್ತು. ಉಳಿಯನ್ನು ಅಲ್ಲಿಟ್ಟು ಸುತ್ತಿಗೆ ಎತ್ತುವಾಗ ಬಯಲಿನವನು ಎದ್ದು ನಿಂತ.

“ನಿಲ್ಸು. ಆ ದೀರ್ಘ ಬೇಡ. ನಮ್ಮಪ್ಪ ಸತ್ತಿದ್ದು ಅದರೊಳಗೇ. ಆಳೋ ಮಾತು ಎಷ್ಟು ಗಿಡ್ಡ ಇದ್ರೆ ಅಷ್ಟು ಕ್ಷೇಮ.”

“ದೀರ್ಘ ಇಲ್ದಿದ್ರೆ ಅದು ಆ ಮಾತೇ ಅಲ್ಲ ಕಣಯ್ಯಾ,” ಎಂದ ಗುಡ್ಡದವನು. “ಕಲ್ಲಿನ ಮೇಲೆ ‘ಅಗಲಿ’ ಅಂತ ಬರೆಸಿಬಿಟ್ಟು ಎಲ್ಲರೂ ಒಟ್ಟಿಗಿರಿ ಅಂದ್ರೆ ಇರ್ತಾರಾ?”

“ಇರೋರು ಇರ್ತಾರೆ. ದೀರ್ಘ ಹಾಕಿದ್ರೆ ನೀನು ಗುಡ್ಡದ ಮೇಲೆ ಕೂತು ಎಳೀತೀಯ.”

“ಹಾಕ್ದಿದ್ರೆ ನೀನು ನಿನ್ನ ಹೊಲ ಕಿತ್ಕೊಂಡು ಹೋಗ್ತೀಯ.”

ಕಲ್ಲುಕುಟಿಗ ಸುತ್ತಿಗೆ ಇಳಿಸಿದ. ವಾದ ನಡೆಯಿತು. ಬೇಸಿಗೆ ಹೋಯಿತು, ಚಳಿಗಾಲ ಬಂತು, ಕಲ್ಲು ‘ಅಗಲಿ’ ಎಂದೇ ನಿಂತಿತು. ಓದಲು ಬಂದವರು ಓದಿದರು. ಓದಿದವರು, ನಾವು ಹೇಳಿದ ಮಾತು ಕೇಳುವ ಜನ ನೋಡಿ, ಪಾಲಿಸಿದರು. ಒಂದೇ ಅಟ್ಟದಲ್ಲಿ ಜೋಳ ಒಣಗಿಸುತ್ತಿದ್ದ ಅಣ್ಣತಮ್ಮಂದಿರು ನಡುವೆ ಹಲಗೆ ಹೊಡೆದುಕೊಂಡರು. ಗಂಟೆಯ ಹಗ್ಗವನ್ನು ಯಾರೋ ಎರಡು ತುಂಡು ಮಾಡಿದರು. ಬಹಳ ದಿನದಿಂದ ಜಗಳವಾಡುತ್ತಿದ್ದ ಒಂದು ಜೋಡಿ, “ಕಲ್ಲೇ ಹೇಳಿದೆಯಲ್ಲ,” ಎಂದು ಸಂತೋಷದಿಂದ ಬೇರೆಯಾದರು. ಇದು ಯಾಕೋ ಅತಿಯಾಯಿತು ಎಂದು ಇಬ್ಬರು ಬುದ್ಧಿವಂತರಿಗೂ ಅನ್ನಿಸಿ, ಕೊನೆಗೆ ರಾಜಿಯಾದರು.

ಅರ್ಧ ದೀರ್ಘ.

ಕೊಕ್ಕೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸುವುದು. ಗುಡ್ಡದವರು ಅದನ್ನು ದೀರ್ಘ ಅಂದುಕೊಳ್ಳಬಹುದು, ಬಯಲಿನವರು ಅಲ್ಲ ಅಂದುಕೊಳ್ಳಬಹುದು. ಕಲ್ಲುಕುಟಿಗ ಹಾಗೇ ಕೆತ್ತಿದ. ಅವನ ಕೈಯಲ್ಲಿ ಎಂಥ ಅಂದದ ಅರ್ಧ ಬಂತು ಅಂತೀರಿ! ಡೋಲು ಬಡಿದೆವು. ಮಕ್ಕಳನ್ನು ಕರೆತಂದು ಓದಿಸಿದೆವು. ಮಕ್ಕಳು ಬಾಯಿ ಅರ್ಧ ತೆರೆದು ಏನೋ ಒಂದು ಅಂದವು. ಅದು ಆಗಲಿಯೂ ಅಲ್ಲ, ಅಗಲಿಯೂ ಅಲ್ಲ. ಸ್ವಲ್ಪ ದಿನದಲ್ಲಿ ನಮ್ಮ ನಾಲಿಗೆಯೂ ಅಲ್ಲಿಗೇ ಹೋಗಿ ನಿಂತಿತು. ‘ಅವನಾಗಲಿ ಇವನಾಗಲಿ’ ಅನ್ನಲು ಹೋದರೂ ತಡವರಿಸತೊಡಗಿದೆವು.

ಅರ್ಧ ದೀರ್ಘದ ಕಲ್ಲನ್ನು ಓದಿಕೊಂಡು ದೋಣಿ ಹೊರಡಬಹುದೇ ಎಂಬ ಪ್ರಶ್ನೆಗೂ ರಾಜಿಯೇ ಆಯಿತು. ಅರ್ಧ ನದಿಯ ತನಕ ಹೋಗಬಹುದು ಎಂದು ತೀರ್ಮಾನಿಸಿದರು. ನಡುನದಿಯಲ್ಲಿ ಯಾರಿಗೂ ಕೆಲಸವಿರಲಿಲ್ಲವಾದ್ದರಿಂದ ದೋಣಿ ಮೆಟ್ಟಿಲಿನಲ್ಲೇ ಉಳಿಯಿತು. ಕೂಸುಗಳಿಗೆ ಅರ್ಧ ಹೆಸರಿಡಲು ಬರುವುದಿಲ್ಲ. ದಳವಾಯಿ ಹೊಲಕ್ಕೆ ಹೋದಮೇಲೆ ಹುಟ್ಟಿದ ಮಕ್ಕಳೆಲ್ಲ ಬರೀ ‘ಕೂಸು’. ಸಂಜೆ ಒಬ್ಬ ತಾಯಿ “ಕೂಸೇ” ಎಂದು ಕರೆದರೆ ಬೀದಿಯ ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದವು.

ಕಲ್ಲುಕುಟಿಗನ ಮಗಳೂ ಹಾಗೆ ಒಂದು ಕೂಸು. ಅಪ್ಪ ಮಧ್ಯಾಹ್ನ ಕಲ್ಲಿಗೆ ಒರಗಿ ಕೂತು ಅವಳಿಗೆ ಜೋಳದ ಗಂಜಿ ಉಣ್ಣಿಸುತ್ತಿದ್ದ. ಸೋರುವ ತುತ್ತು ಹಿಡಿದು “ಆ… ಅನ್ನು” ಎನ್ನುತ್ತಿದ್ದ. ಅವಳು “ಆ…” ಎಂದು ಅವನಿಗಿಂತ ಉದ್ದಕ್ಕೆ ಎಳೆದು ಬಾಯಿ ತೆರೆಯುತ್ತಿದ್ದಳು. ಪೂರ್ತಿ ದೀರ್ಘ ಇನ್ನೂ ಉಳಿದಿದ್ದದ್ದು ಅವಳ ಬಾಯಲ್ಲೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಮಗೆಲ್ಲ ಅವಳನ್ನು ಕಂಡರೆ ಪ್ರೀತಿಯಿತ್ತು.

ಒಂದು ಮಧ್ಯಾಹ್ನ ಅವನು “ಆ… ಅನ್ನು” ಎಂದಾಗ ಅವಳು ಅನ್ನಲಿಲ್ಲ. ಗಂಟಲು ಬೀಗಿತ್ತು. ಮೈ ಸುಡುತ್ತಿತ್ತು. ತುಟಿ ಬಿಡಿಸಿದರೂ ಹಲ್ಲು ಬಿಡಿಸಲಾಗಲಿಲ್ಲ. ನೀರೂ ಇಳಿಯಲಿಲ್ಲ. ಗಂಟಲು ಬೇನೆಗೆ ಮದ್ದು ಕೊಡುವ ಅಜ್ಜಿ ಇದ್ದದ್ದು ನದಿಯ ಆಚೆ ದಡದಲ್ಲಿ.

ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮರದ ಕೆಳಗೆ ಓಡಿಬಂದಳು.

“ಅಣ್ಣಂದಿರಾ, ಕೂಸು ಬಾಯೇ ಬಿಡ್ತಿಲ್ಲ. ಮದ್ದಿನಜ್ಜಿ ಹತ್ರ ಹೋಗ್ಬೇಕು. ಯಾರಾದ್ರೂ ಒಬ್ರು ಆಗಲಿ ಅನ್ನಿ.”

ಗುಡ್ಡದವನ ಕಣ್ಣು ತೇವವಾಯಿತು. ಸುಳ್ಳು ಕಣ್ಣೀರಲ್ಲ, ನಾನು ಹತ್ತಿರದಲ್ಲೇ ಕೂತಿದ್ದೆ. “ಅಂತೀನಿ ತಾಯಿ, ಈಗ್ಲೇ ಅಂತೀನಿ. ನಾನಂದ್ರೆ ನಾಳೆ ನನ್ನನ್ನ ದೊರೆ ಅಂತಾರಲ್ಲ ಇವ್ರು? ಮೊದಲು ಇವ್ರು ಒಪ್ಲಿ.”

“ನಿನ್ನ ಗಂಡನೇ ಅನ್ಲಿ ಕಣವ್ವಾ,” ಎಂದ ಬಯಲಿನವನು. “ಮನೆ ಯಜಮಾನನ ಮಾತೇ ಊರಿನ ಮಾತು ಅಂತ ನಾನು ಮೊದ್ಲಿಂದ ಹೇಳ್ತಿಲ್ವಾ?”

“ಅವನು ಪಕ್ಷ ವಹಿಸೋ ಹಾಗಿಲ್ಲ. ಆಣೆ ಇದೆ,” ಎಂದ ಗುಡ್ಡದವನು.

ಎಲ್ಲರೂ ಕಲ್ಲುಕುಟಿಗನ ಕಡೆ ತಿರುಗಿದೆವು. ಅವನು ಕಲ್ಲಿನ ಮೇಲೆ ಕೈಯೂರಿ ನಿಂತಿದ್ದ. ಬಾಯಿ ತೆರೆದ, ಮುಚ್ಚಿದ. ಆಮೇಲೆ ಹೆಂಡತಿಯ ಮುಖ ನೋಡಲಿಲ್ಲ.

ಅವಳು ಅಲ್ಲಿಂದ ದಳವಾಯಿಯ ಹೊಲಕ್ಕೆ ನಡೆದಳು. ಅಲ್ಲಿ ನಡೆದದ್ದನ್ನು ನಮಗೆ ಹೊಲದ ಆಳು ಹೇಳಿದ. ಮುದುಕ ಕಳೆ ಕೀಳುತ್ತಿದ್ದವನು ಎದ್ದು ಬಂದು ಕೂಸಿನ ಹಣೆ ಮುಟ್ಟಿ ನೋಡಿದನಂತೆ.

“ಅಜ್ಜಾ, ಒಂದೇ ಮಾತು. ನೀನಂದ್ರೆ ಎಲ್ಲರೂ ಕೇಳ್ತಾರೆ.”

“ಅದಕ್ಕೇ ಅನ್ನಲ್ಲ ಮಗಳೇ. ಇವತ್ತು ನಿನಗೆ ಅಂತೀನಿ. ನಾಳೆ ಇನ್ನೊಬ್ಬಳು ಬರ್ತಾಳೆ, ಅವಳ ಕೂಸೂ ಸಾಯ್ತಾ ಇರುತ್ತೆ, ಅವಳಿಗೂ ಅಂತೀನಿ. ಹೀಗೆ ಕನಿಕರ ಪಟ್ಟು ಪಟ್ಟು ನಾನು ದೊರೆ ಆಗಿ ಕೂತಿರ್ತೀನಿ.”

“ಆಗು ಅಜ್ಜಾ. ಇವತ್ತೊಂದಿನ ದೊರೆ ಆಗು.”

ಮುದುಕ ಅತ್ತನಂತೆ. ಅತ್ತು, ಕೂಸಿಗೆ ಇರಲಿ ಎಂದು ಒಂದು ಎಳೆಯ ತೆನೆ ಮುರಿದು ಕೊಟ್ಟನಂತೆ. ಬಾಯಿ ತೆರೆಯಲಾರದ ಕೂಸಿಗೆ ತೆನೆ! ಕೆಟ್ಟವನಾಗಿದ್ದರೆ ಅವಳು ಅವನ ಮುಖಕ್ಕೆ ಉಗಿದಾದರೂ ಬರಬಹುದಿತ್ತು. ತೆನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಬಂದಳು.

ಈ ಸಲ ಮರದ ಕೆಳಗೆ ಬರಲಿಲ್ಲ. ಸೀದಾ ಮೆಟ್ಟಿಲಿಳಿದು ದೋಣಿಯ ಹತ್ತಿರ ಹೋದಳು.

ದೋಣಿಯಲ್ಲಿ ಒಬ್ಬ ಕೂತಿರುತ್ತಿದ್ದ. ಅವನ ಸೊಂಟಕ್ಕೂ ಮೆಟ್ಟಿಲಿನ ಕಬ್ಬಿಣದ ಬಳೆಗೂ ಒಂದು ಉದ್ದನೆಯ ಹಗ್ಗ ಕಟ್ಟಿತ್ತು. ಆಚೆ ದಡ ಮುಟ್ಟಿ ಬರುವಷ್ಟು ಉದ್ದ, ಆಚೆ ದಡದಲ್ಲಿ ಇಳಿಯಲಾಗದಷ್ಟು ಗಿಡ್ಡ. ದೊರೆಯ ಬಾಯಿ ಬಂದ ಹಡಗಿನಲ್ಲೇ ಅವನೂ ಬಂದಿದ್ದ. ಬಾಯಿ ಅದರ ಮೇಲೆ ಕೂತು ಬಂದ, ಇವನು ಹಡಗಿನ ಹೊಟ್ಟೆಯಲ್ಲಿ ಬಂದ. ಬೇರೆಯವರ ಹತ್ತಿರ ಮಾತಾಡುವಾಗ ‘ಹುಟ್ಟು ಹಾಕುವವನು’ ಅನ್ನುತ್ತಿದ್ದೆವು. ಅವನನ್ನೇ ಕರೆಯುವಾಗ ‘ಏಯ್’ ಸಾಕಿತ್ತು.

“ಅಣ್ಣಾ,” ಎಂದಳು ಅವಳು.

ಅವನು ಹಿಂದೆ ತಿರುಗಿ ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಅಣ್ಣಾ, ದಾಟಿಸ್ತೀಯಾ?”

“ನನ್ನನ್ನ ಕೇಳ್ತಿದೀರಾ ಅಮ್ಮಾ?”

“ನಿನ್ನನ್ನೇ.”

ಅವನು ಮರದ ಕಡೆಗೊಮ್ಮೆ ನೋಡಿದ. ಮಾತಾಡಿದಾಗ ನಮಗೆ ಆಶ್ಚರ್ಯವಾಯಿತು, ಅವನಿಗೆ ನಮ್ಮ ಮಾತು ಇಷ್ಟು ಚೆನ್ನಾಗಿ ಬರುತ್ತದೆಂದು ತಿಳಿದಿರಲಿಲ್ಲ. “ಆ ಇಬ್ರನ್ನ ಊರು ಹುಟ್ಟುಹಾಕ್ದೋರು ಅಂತೀರಿ. ಆ ಮಂಜುಗಡ್ಡೆ ದಿನ ಹುಟ್ಟು ಹಾಕಿದ್ದು ನಾನು. ಗೆದ್ರೆ ಹಗ್ಗ ಬಿಚ್ತೀವಿ ಅಂದಿದ್ರು. ಗೆದ್ಮೇಲೆ ಅದಕ್ಕೆ ಆಗಲಿ ಅನ್ನೋರು ಒಬ್ರೂ ಸಿಗ್ಲಿಲ್ಲ.”

“ನಾನು ಬಿಚ್ಚಿದ್ರೆ?”

“ದಾಟಿಸ್ತೀನಿ. ಆಚೆ ಇಳಿದ್ಮೇಲೆ ತಿರುಗಿ ಬರಲ್ಲ. ಅದನ್ನ ಈಗ್ಲೇ ಹೇಳ್ಬೇಕು ನಿಮ್ಗೆ. ದೋಣಿ ಅಲ್ಲೇ ಉಳಿಯುತ್ತೆ, ನೀವೂ ಅಲ್ಲೇ ಉಳೀತೀರಿ.”

ಅವಳು ಮೇಲೆ, ಕಲ್ಲಿನ ಪಕ್ಕ ನಿಂತಿದ್ದ ಗಂಡನನ್ನು ನೋಡಿದಳು. ಊರನ್ನು ನೋಡಿದಳು. ಹೆಗಲ ಮೇಲೆ ಕೂಸು ಸಿಳ್ಳೆ ಹಾಕಿದ ಹಾಗೆ ಉಸಿರೆಳೆಯುತ್ತಿತ್ತು. ಒಲೆಯ ಮುಂದೆ ನಿಂತು ಅನ್ನುವ ಹಾಗೆ, ಪೂರ್ತಿ ದೀರ್ಘ ಕೊಟ್ಟು, “ಆಗಲಿ,” ಅಂದಳು.

“ಆಗಲಿ,” ಅಂದ ಅವನೂ.

“ಬೇಡ!” ಎಂದು ಮರದ ಕೆಳಗಿಂದ ಎರಡು ದನಿ ಒಟ್ಟಿಗೆ ಎದ್ದವು. ಗುಡ್ಡದವನೂ ಬಯಲಿನವನೂ ಒಂದೇ ಮಾತಾಡಿದ್ದು ಅದೇ ಮೊದಲು. ಹೊಸ್ತಿಲಾಚೆ ಹೆಂಗಸಿನ ಮಾತಿಗೆ ದೋಣಿ ಹೊರಟರೆ ಕಲ್ಲಿಗೇನು ಬೆಲೆ ಎಂದು ಒಬ್ಬ. ಇವತ್ತು ಈ ಹಗ್ಗ ಬಿಚ್ಚಿದರೆ ನಾಳೆ ಹತ್ತಿ ಹೊಲದ ಹಗ್ಗಗಳೂ ಬಿಚ್ಚಿಕೊಳ್ಳುತ್ತವೆ ಎಂದು ಇನ್ನೊಬ್ಬ.

ಹಗ್ಗ ಬಿಚ್ಚಿಕೊಳ್ಳಲಿಲ್ಲ. ನೀರು ಕುಡಿದು ಕುಡಿದು ಗಂಟು ಕಲ್ಲಾಗಿತ್ತು. ಅವಳು ಹಲ್ಲಿನಿಂದ ಕಚ್ಚಿ ನೋಡಿದಳು. ಆಗ ಕಲ್ಲುಕುಟಿಗ ಮೆಟ್ಟಿಲಿಳಿದು ಬಂದು ತನ್ನ ಉಳಿಯನ್ನು ಅವಳ ಕೈಗೆ ಕೊಟ್ಟ. ಪಕ್ಷ ವಹಿಸಬಾರದು ಅಂದಿದ್ದೆವೇ ಹೊರತು ಉಳಿ ಕೊಡಬಾರದು ಅಂದಿರಲಿಲ್ಲ. ಅವಳು ಕುಕ್ಕಿ ಕುಕ್ಕಿ ಹಗ್ಗ ಕತ್ತರಿಸಿದಳು.

“ನೀವು ಬರ್ತೀರೇನ್ರೀ?” ಎಂದಳು, ದೋಣಿಗೆ ಕಾಲಿಟ್ಟು.

“ಆಣೆ ಇದೆ,” ಎಂದ ಅವನು. ಬಹಳ ಸಣ್ಣಗೆ ಎಂದ.

“ಆಗ್ಲಿ ಬಿಡಿ,” ಎಂದಳು. “ಸುದ್ದಿ ಕೂಗ್ತೀನಿ.”

ಹುಟ್ಟು ಹಾಕುವವನು ಕೈ ನೀಡಿ, “ಕೂತ್ಕೋ ತಂಗಿ,” ಎಂದ. ದೋಣಿ ಹೊರಟಿತು. ನಡುನದಿಯ ತನಕ ಹೋಗುವುದನ್ನು ಗುಡ್ಡದವರೂ ಬಯಲಿನವರೂ ಕಾನೂನಿನ ಪ್ರಕಾರವೇ ಎಂದು ಒಪ್ಪಿಕೊಂಡರು. ನಡುನದಿ ದಾಟಿದಾಗ ಎಲ್ಲರೂ ಉಸಿರು ಬಿಗಿಹಿಡಿದೆವು. ಏನೂ ಆಗಲಿಲ್ಲ, ದೋಣಿ ಸುಮ್ಮನೆ ಮುಂದಕ್ಕೆ ಹೋಯಿತು. ಆಚೆ ದಡದಲ್ಲಿ ಅವನು ದೋಣಿಯನ್ನು ಮರಳಿಗೆ ಎಳೆದುಹಾಕಿ ದಿಬ್ಬ ಹತ್ತಿ ನಡೆದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಚೆ ದಡದಿಂದ ಸುದ್ದಿ ಕೂಗುವುದು ನಮ್ಮಲ್ಲಿ ಹಳೆಯ ಪದ್ಧತಿ. ಮದ್ದಿಗೆ ಹೋದವರು ಬದುಕಿದರೆ ‘ಆಗಲಿ’ ಎಂದು ಕೂಗುತ್ತಾರೆ. ಇಲ್ಲಿ ಹಬ್ಬ ಆಗಲಿ, ಊಟ ಆಗಲಿ ಎಂದು ಅದರ ಅರ್ಥ. ಸತ್ತರೆ ‘ಅಗಲಿದ’, ‘ಅಗಲಿದಳು’ ಎಂದು ಕೂಗುತ್ತಾರೆ. ನದಿ ಬಹಳ ಅಗಲ. ಗಾಳಿ ಯಾವಾಗಲೂ ‘ಗಲಿ’ಯಿಂದ ಮುಂದಿನದನ್ನೆಲ್ಲ ತಿಂದುಹಾಕುತ್ತದೆ. ಅದಕ್ಕೇ ಮೊದಲ ಅಕ್ಷರದ ಮೇಲೆ ಕಿವಿಯಿಟ್ಟಿರಬೇಕು ಎಂದು ಹಿರಿಯರು ಹೇಳುತ್ತಿದ್ದರು.

ಮರುದಿನ ಬಿಸಿಲೇರಿದ ಹೊತ್ತಿಗೆ ಕೂಗು ಬಂತು. ಮರಳಿನ ಮೇಲೆ ಅವಳು ಸಣ್ಣ ಚುಕ್ಕೆಯಾಗಿ ನಿಂತದ್ದು ಕಾಣಿಸಿತು. ನಾವೆಲ್ಲ ಕೂತಲ್ಲೇ ಕಿವಿಗೆ ಕೈಯಾನಿಸಿದೆವು. ಅವಳ ಗಂಟಲು ನಿದ್ದೆಗೆಟ್ಟು ಒಡೆದಿತ್ತೋ, ಅವಳೂ ನಮ್ಮಂತೆ ಕಲ್ಲು ಓದಿ ಓದಿ ಅರ್ಧ ಅಂದಳೋ, ಇಲ್ಲ ನಮ್ಮ ಕಿವಿಗಳೇ ಅರ್ಧವಾಗಿದ್ದವೋ, ಕೇಳಿದ್ದು ಮಾತ್ರ ಕಲ್ಲಿನ ಮೇಲಿದ್ದ ಹಾಗೇ ಕೇಳಿತು.

ಕಲ್ಲುಕುಟಿಗ ನಮ್ಮ ಕಡೆ ತಿರುಗಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಏನಂದ್ಲು? ನಿಮ್ಗೆ ಏನ್ ಕೇಳಿಸ್ತು?”

“ಆಗಲಿ ಅಂದ್ಲು,” ಎಂದ ಗುಡ್ಡದವನು. ಅವನ ಕಡೆಯವರೆಲ್ಲ ಹೌದೆಂದರು.

“ಅಗಲಿ ಅಂತ ಕೇಳಿಸ್ತು,” ಎಂದ ಬಯಲಿನವನು. ಅವನ ಕಡೆಯವರೆಲ್ಲ ತಲೆ ತಗ್ಗಿಸಿದರು.

“ಕಿವಿಯಿಂದ ಕೇಳಿದ್ದು ಹೇಳ್ರೋ!” ಎಂದು ಕಲ್ಲುಕುಟಿಗ ಚೀರಿದ. “ನನ್ನ ಕೂಸು ಇದೆಯಾ ಇಲ್ವಾ?”

ನಿಜವಾಗಿ ಕೇಳಿದ್ದೇನೆಂದು ನೆನಪು ಮಾಡಿಕೊಳ್ಳಲು ಹೋದರೆ, ನಾವು ಯಾರ ಪಕ್ಕ ಕೂತಿದ್ದೆವೋ ಅವರು ಅಂದದ್ದೇ ಕೇಳಿಸುತ್ತಿತ್ತು. ಅವನು ಕಲ್ಲಿನ ಹತ್ತಿರ ಹೋದ. ದೀರ್ಘ ಪೂರ್ತಿ ಮಾಡು, ಮಗಳು ಬದುಕ್ತಾಳೆ ಎಂದು ಕೆಲವರು ಕೂಗಿದರು. ಅರ್ಧವನ್ನೂ ಅಳಿಸು, ನಿಜ ಒಪ್ಕೋ ಎಂದು ಕೆಲವರು ಕೂಗಿದರು. ಉಳಿ ದೋಣಿಯ ಜೊತೆ ಹೋಗಿತ್ತು. ಅವನು ತಾನೇ ಕೆತ್ತಿದ್ದ ಅರ್ಧ ಕೊಕ್ಕೆಯ ಮೇಲೆ ಬರಿ ಬೆರಳಾಡಿಸಿದ. ಅದು ನಿಂತುಹೋದ ಕಡೆ ಬೆರಳೂ ನಿಂತಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಯಾರೂ ಕೂಗುವುದನ್ನು ನಿಲ್ಲಿಸಲಿಲ್ಲ.

ಅವನು ಕಲ್ಲಿಗೆ ಬೆನ್ನು ಹಾಕಿ ನೀರಿನಂಚಿಗೆ ಹೋದ. ಬಾಯಿ ಅಗಲಕ್ಕೆ ತೆರೆದ.

“ಆ…”

ಆಗಲಿ ಅನ್ನುತ್ತಾನೆ, ಆಣೆ ಮುರಿದ ಎಂದು ಗುಡ್ಡದವನು ಎದ್ದ. ಅಗಲಿ ಅನ್ನುವುದಿಲ್ಲ, ಪಕ್ಷ ವಹಿಸಿದ ಎಂದು ಬಯಲಿನವನು ಎದ್ದ. ಅವನು ‘ಗಲಿ’ ಅನ್ನಲೇ ಇಲ್ಲ. ಬರೀ ‘ಆ’. ಕೈಯನ್ನು ಮುಂದೆ ಚಾಚಿದ್ದ, ಬೆರಳು ಐದೂ ಕೂಡಿಸಿ, ತುತ್ತು ಹಿಡಿದವನ ಹಾಗೆ. ದೊರೆಯ ಬಾಯಿ ಎಂದೂ ಅಷ್ಟುದ್ದ ಎಳೆದಿರಲಿಲ್ಲ. ಉಸಿರು ಮುಗಿಯಿತು. ನದಿ ಸುಮ್ಮನಿತ್ತು.

ಆಮೇಲೆ ಆಚೆ ದಡದಿಂದ ಒಂದು ‘ಆ…’ ಬಂತು. ಸಣ್ಣದು, ತೆಳ್ಳಗಿನದು. ಅವನದಕ್ಕಿಂತ ಉದ್ದ.

“ಮಾರ್ದನಿ,” ಎಂದ ಬಯಲಿನವನು. ಮಾರ್ದನಿಯಾದರೂ ಅದರಲ್ಲಿ ದೀರ್ಘವಿದೆ, ಗಮನಿಸಿ, ಎಂದ ಗುಡ್ಡದವನು. ಕಲ್ಲುಕುಟಿಗ ಇದನ್ನು ಕೇಳಲು ನಿಲ್ಲಲಿಲ್ಲ. ಮರದ ಕೆಳಗೆ ಬಂದು ನಮ್ಮ ಮುಂದೆ ನಿಂತ.

“ಏಳಿ,” ಎಂದ.

ಎದ್ದೆವು. ಅವನು ನಾವು ಕೂತಿದ್ದ ದಿಮ್ಮಿಗಳನ್ನು ಒಂದೊಂದಾಗಿ ಮೆಟ್ಟಿಲಿಗೆ ಉರುಳಿಸಿದ. ಬಳೆಯಲ್ಲಿ ನೇತಾಡುತ್ತಿದ್ದ, ಹುಟ್ಟು ಹಾಕುವವನ ಹಗ್ಗದಿಂದ ಅವುಗಳನ್ನು ಬಿಗಿದ. ಅವುಗಳ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತಾ ಹೊರಟ. ಯಾರೂ ಆಗಲಿ ಅನ್ನಲಿಲ್ಲ. ದಿಮ್ಮಿ ತೇಲಿತು. ನಡುನದಿಯಲ್ಲಿ ಒಮ್ಮೆ ಮುಳುಗಿದ ಹಾಗಾಗಿ ಮತ್ತೆ ಕಾಣಿಸಿದ. ಆಮೇಲೆ ಅವನೂ ಆಚೆ ಮರಳಿನ ಮೇಲೆ ಒಂದು ಚುಕ್ಕೆಯಾದ.

ನಾವು ಈಗ ನಿಂತುಕೊಂಡೇ ಮಾತಾಡುತ್ತೇವೆ. ಮೊದಲ ಕೂಗು ಏನು, ಎರಡನೆಯದು ಯಾರದು, ದಿಮ್ಮಿ ತೇಲಿದ್ದು ಯಾರ ಮಾತಿಗೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಕಲ್ಲು ಹಾಗೇ ಇದೆ. ಬಯಲಿನ ಹೊಲದಲ್ಲಿ ಹಗ್ಗ ಕಟ್ಟಿದವರು ಮಾತ್ರ ಈಚೆಗೆ ಯಾಕೋ ನದಿಯ ಕಡೆಗೇ ಮುಖ ಮಾಡಿ ಕೆಲಸ ಮಾಡುತ್ತಾರೆ.

ಮೊನ್ನೆ ಸಂಜೆ ಗಾಳಿ ಈ ಕಡೆಗೆ ಬೀಸುತ್ತಿತ್ತು. ಆಚೆ ದಡದಲ್ಲಿ ಒಬ್ಬ ಗಂಡಸು ಯಾರನ್ನೋ ಊಟಕ್ಕೆ ಕರೆದ. ಕೂಸೇ ಎಂದಲ್ಲ, ಹೆಸರು ಹಿಡಿದು ಕರೆದ. ಯಾವ ಹೆಸರೆಂದು ನಮಗೆ ಸರಿಯಾಗಿ ಕೇಳಲಿಲ್ಲ. ಇಲ್ಲಿ ಮರದ ಸುತ್ತ ಆಡುತ್ತಿದ್ದ ನಮ್ಮ ಕೂಸುಗಳೆಲ್ಲ ಆಟ ನಿಲ್ಲಿಸಿ ಒಟ್ಟಿಗೆ ಆ ಕಡೆ ತಿರುಗಿ ನೋಡಿದವು.